ಜೊಂಡಿನೊಳಗಿನ ನೀರುಕೂಸು

ಊರಿನ ಹೆಸರು ಬರೆಯುವುದಿಲ್ಲ. ದೂರದ ದೊಡ್ಡ ದ್ವೀಪವೊಂದರ ಅಲೌತ್ರ ಸರೋವರದ ಮೂಡಣ ದಂಡೆಯಲ್ಲಿ ಇಂಥ ಊರುಗಳು ಬೇಕಾದಷ್ಟಿವೆ, ಅವುಗಳಲ್ಲಿ ಒಂದು ಎಂದುಕೊಳ್ಳಿ. ಹೆಸರು ಅಚ್ಚಾದರೆ ಅಲ್ಲಿಗೆ ಮೊದಲು ತಲುಪುವವರು ಓದುಗರಲ್ಲ, ಬೆಂಕಿಪೊಟ್ಟಣ ಹಿಡಿದವರು. ರಕೆತಾಕ ಎಂಬುದೂ ಅವಳ ಸ್ವಂತ ಹೆಸರಲ್ಲ. ಉಳಿದದ್ದೆಲ್ಲ ಅವಳದೇ.

ರಕೆತಾಕ ಚಾಪೆ ಹೆಣೆಯುವವಳು. ಜೌಗಿನಲ್ಲಿ ಸೊಂಟದವರೆಗೆ ನೀರಿಗಿಳಿದು ಜೊಂಡು ಕೊಯ್ಯುತ್ತಾಳೆ, ಹೊರೆ ಕಟ್ಟಿ ದೋಣಿಗೆ ಹಾಕುತ್ತಾಳೆ, ಮನೆಯ ಮುಂದೆ ಸೀಳಿ ಒಣಗಿಸಿ ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡುತ್ತಾಳೆ, ಆಮೇಲೆ ಕೂತು ಹೆಣೆಯುತ್ತಾಳೆ. ಆ ಊರಿನಲ್ಲಿ ಹುಟ್ಟುವವರು ಅವಳ ಚಾಪೆಯ ಮೇಲೆ ಹುಟ್ಟುತ್ತಾರೆ. ಸತ್ತವರನ್ನು ಅವಳ ಚಾಪೆಯಲ್ಲೇ ಸುತ್ತಿ ಒಯ್ಯುತ್ತಾರೆ. ನಡುವೆ ಬದುಕಿರುವಷ್ಟು ದಿನ ಅದರ ಮೇಲೆಯೇ ಕೂತು ಅನ್ನ ತಿಂದು, ತಳ ಸೀದ ಅನ್ನಕ್ಕೆ ನೀರು ಹೊಯ್ದು ಕುದಿಸಿದ್ದನ್ನು ಕುಡಿದು, ಅವಳ ವಿಷಯವನ್ನೇ ಆಡಿಕೊಳ್ಳುತ್ತಾರೆ.

"ಹೇಗಿದ್ದೀಯಕ್ಕ?" ಎಂದು ಆ ಊರಿಗೆ ಹೋದಾಗಲೆಲ್ಲ ನಾನು ಕೇಳಿದರೆ "ಇದ್ದೀನಲ್ಲ, ಕಾಣ್ತಾ ಇಲ್ವಾ?" ಎನ್ನುತ್ತಾಳೆ. ಮಂಡಿ ಬಾತಿದೆ. ಬೆರಳ ಸಂದುಗಳಲ್ಲಿ ಜೊಂಡಿನ ಅಂಚು ಕೊಯ್ದ ಗೀರುಗಳು, ಒಂದು ಮಾಯುವ ಮೊದಲೇ ಇನ್ನೊಂದು. ಮಾತಿನ ನಡುವೆ ಕಣ್ಣು ಮುಚ್ಚುತ್ತಾಳೆ. ನಿದ್ದೆ ಹೋದಳೇನೋ ಎಂದು ಎದ್ದರೆ "ಹೋಗ್ತೀಯಾ? ಹೋಗು. ಕೂತಿದ್ರೂ ನನಗೇನು ತೊಂದ್ರೆ ಇರ್ಲಿಲ್ಲ" ಎನ್ನುತ್ತಾಳೆ.

ಅವಳು ಜೊಂಡು ಕೊಯ್ಯುವ ಜಾಗದಲ್ಲಿ ಬಾಂದ್ರುಗಳಿವೆ. ಬಾಂದ್ರು ಎಂದರೆ ಲೀಮರ್. ಬೆಕ್ಕಿನಷ್ಟು ಮೈ, ಉಣ್ಣೆಯಂಥ ಬೂದುಗಂದು ರೋಮ, ನೆತ್ತಿ ಮತ್ತು ಕತ್ತಿನ ಮೇಲೆ ತುಸು ಕೆಂಪು ಹೆಚ್ಚು, ರೋಮದೊಳಗೆ ಹುದುಗಿಹೋದ ದುಂಡು ಕಿವಿ. ಕಾಡುಪಾಪವನ್ನು ಕಂಡವರಿಗೆ ಆ ಕಣ್ಣುಗಳು ಹೊಸವಲ್ಲ. ದೂರದ ದಾಯಾದಿಗಳು ಅವು. ಈ ದ್ವೀಪದ ಹೆಚ್ಚಿನ ಲೀಮರ್‌ಗಳಿಗೆ ಕಾಡು ಬೇಕು, ಮರ ಬೇಕು. ಬಾಂದ್ರುವಿಗೆ ಮರದ ಹಂಗಿಲ್ಲ. ನೀರಿನಲ್ಲಿ ನಿಂತ ಜೊಂಡಿನಲ್ಲಿ ಹುಟ್ಟಿ, ಅದರ ತಿರುಳನ್ನು ತಿಂದು, ದಂಟಿನಿಂದ ದಂಟಿಗೆ ಹಾರುತ್ತ ಅಲ್ಲೇ ಮುದಿಯಾಗಿ ಸಾಯುತ್ತದೆ. ಹಾಗೆ ಬದುಕುವ ಲೀಮರ್ ಈ ಒಂದು ಸರೋವರದ ಸುತ್ತ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಇಲ್ಲೂ ಎಷ್ಟಿವೆ? ಜೊಂಡು ಎಷ್ಟಿದೆಯೋ ಅಷ್ಟಿವೆ. ಜೊಂಡು ಎಷ್ಟಿದೆ? ಹೋದ ವರ್ಷಕ್ಕಿಂತ ಕಡಿಮೆ. ನಾನು ಬಲ್ಲ ಎಲ್ಲ ವರ್ಷಗಳಿಗೂ ಇದೇ ಉತ್ತರ.

ರಕೆತಾಕ ಅವುಗಳನ್ನು ಮುದ್ದು ಮಾಡುವವಳಲ್ಲ. "ಎಳೇ ದಂಟೆಲ್ಲ ಅವೇ ತಿಂದ್ಹಾಕ್ತವೆ, ಹಾಳಾದವು" ಎಂದು ಬೈಯುತ್ತಾಳೆ. ಬಾಂದ್ರುಗಳ ಗುಂಪಿನಲ್ಲಿ ಹೆಣ್ಣಿನದೇ ಯಜಮಾನಿಕೆ. "ಆ ಮುದುಕಿ ಬಾಂದ್ರು ನೋಡು, ನಮ್ಮತ್ತೆ ಥರಾನೇ. ಮೊದ್ಲು ತಾನು ತಿನ್ನಬೇಕು, ಆಮೇಲೆ ಮಿಕ್ಕೋರು ಬಾಯಿ ತೆಗೀಬೇಕು" ಎಂದು ಒಮ್ಮೆ ತೋರಿಸಿದ್ದಳು.

ಇನ್ನು ಬೆಂಕಿಯ ವಿಷಯ. ಮಳೆಗಾಲ ಮುಗಿದು, ನೀರು ಇಳಿದು, ಜೊಂಡು ಒಣಗಿ ಗರಗರ ಎನ್ನುವ ತಿಂಗಳುಗಳಲ್ಲಿ ಜೌಗಿಗೆ ಬೆಂಕಿ ಬೀಳುತ್ತದೆ. ಯಾರು ಹಾಕಿದರು ಎಂದು ಕೇಳಿದರೆ ಯಾರೂ ಹಾಕಿರುವುದಿಲ್ಲ. ಹೊಗೆ ಆರಿದ ಮೇಲೆ ನೋಡಿದರೆ ಅಲ್ಲಿ ಗದ್ದೆಗೆ ಗೂಟ ಹೊಡೆದಿರುತ್ತದೆ. ನಿಂತ ಜೊಂಡು ಯಾರದೂ ಅಲ್ಲ. ಸುಟ್ಟು ಉತ್ತು ಮೊದಲ ಪೈರು ಊರಿದವನದು ಆ ನೆಲ. ಇದು ಆ ಊರಿನ ಹಳೆಯ ಕಟ್ಟಳೆ. ಹಿರೀಕರು ಮಲಗಿರುವ ನೆಲಕ್ಕೆ ಮಾತ್ರ ಬೆಂಕಿ ಮುಟ್ಟಿಸುವಂತಿಲ್ಲ. ಸರ್ಕಾರದ ಕಟ್ಟಳೆಯೂ ಒಂದಿದೆ. ಯಾರೋ ಬಂದು 'ಸಂರಕ್ಷಿತ ಪ್ರದೇಶ' ಎಂಬ ತಗಡಿನ ಹಲಗೆ ನೆಟ್ಟು, ಎಲ್ಲರಿಗೂ ಟೋಪಿ ಹಂಚಿ, ಫೋಟೋ ತೆಗೆಸಿಕೊಂಡು ಹೋದರು. ಆ ಹಲಗೆ ಈಗ ಒಬ್ಬರ ಹಂದಿಗೂಡಿನ ಬಾಗಿಲು. ಅಕ್ಷರ ಒಳಮುಖವಾಗಿದೆ. ಹಂದಿಗಳು ಕಾನೂನು ಓದಿಕೊಂಡು ಕೊಬ್ಬುತ್ತಿವೆ.

ರಕೆತಾಕ ಆ ಊರಿಗೆ ಸೊಸೆಯಾಗಿ ಬಂದವಳು. ಗಂಡ ಮಹೆರಿ ಬಲೆ ಬೀಸುವವನು, ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಅತ್ತೆ ರಾಫುತ್ಸಿಯದು. ಮೊದಲನೆಯದು ಗಂಡು ಕೂಸು. ಕಣ್ಣು ತಗಲಬಾರದೆಂದು ಕೂಸುಗಳನ್ನು ಕೆಟ್ಟ ಹೆಸರಿನಿಂದ ಕರೆಯುವುದು ಇಲ್ಲಿ ರೂಢಿ. ಅವನನ್ನು ಇಲಿಮರಿ ಎಂದು ಕರೆದರು. ಕಣ್ಣು ತಗಲಲಿಲ್ಲ, ಜ್ವರ ತಗಲಿತು. ನಾಟಿ ಮುಗಿದು ಗದ್ದೆಗಳೆಲ್ಲ ಹಸಿರಾಗಿದ್ದಾಗ ಕೂಸು ತೀರಿಕೊಂಡಿತು.

ಹಲ್ಲು ಮೂಡುವ ಮೊದಲೇ ಸತ್ತ ಕೂಸು ಇಲ್ಲಿ ಮನುಷ್ಯನ ಲೆಕ್ಕಕ್ಕೆ ಬರುವುದಿಲ್ಲ. ಅದು ನೀರುಕೂಸು. ಮೂಳೆ ಇನ್ನೂ ಬಲಿತಿಲ್ಲ, ನೀರೇ ಅದು, ನೀರಿಗೇ ಹಿಂದಿರುಗಬೇಕು. ತಣ್ಣನೆಯ ಹಸಿಮಣ್ಣಿನಲ್ಲಿ ಇಟ್ಟು ಬರಬೇಕು. ಕಲ್ಲು ನೆಡಬಾರದು, ಗೋಳಿಡಬಾರದು, ತಿರುಗಿ ನೋಡಬಾರದು. ಹಿರೀಕರ ಗೋರಿಯ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಹಲ್ಲು ಬಂದಿದ್ದರೆ ಬೇರೆ ಮಾತು. ಹಲ್ಲು ಬಂದ ಕೂಸು ಮನೆತನದ ಕುಡಿ. ಗೋರಿಯೊಳಗೆ ಅಜ್ಜ ಮುತ್ತಜ್ಜರ ಪಕ್ಕ ಅದಕ್ಕೂ ಜಾಗ ಕೊಡಬೇಕು. ಆದರೆ ನಾಟಿಯಾದ ಗದ್ದೆಗಳ ನಡುವೆ ಹೆಣ ಸಾಗಿಸುವುದು ಆ ಊರಿಗೆ ಫಾಡಿ, ಆಗಿಬರುವುದಿಲ್ಲ. ಸಾಗಿಸಲೇಬೇಕಾದರೆ ಮೊದಲು ಎತ್ತು ಕಡಿದು ಹಿರೀಕರ ಅಪ್ಪಣೆ ಪಡೆಯಬೇಕು.

ರಾಫುತ್ಸಿ ಸತ್ತ ಕೂಸಿನ ಬಾಯೊಳಗೆ ತೋರುಬೆರಳು ಹಾಕಿ ಮೇಲೆ ಕೆಳಗೆ ಸವರಿದಳು. "ಹಲ್ಲಿಲ್ಲ. ನೀರು" ಎಂದಳು. ಮುಗಿಯಿತು.

ಕೂಸಿಗೆ ಕೆಳದವಡೆಯಲ್ಲಿ ಒಂದು ಹಲ್ಲಿನ ಮೊನೆ ಮೂಡಿದ್ದು ರಕೆತಾಕಳಿಗೆ ಗೊತ್ತಿತ್ತು. ಹಾಲು ಕುಡಿಯುವಾಗ ಕಚ್ಚಿದ್ದ. ಆದರೆ ಅವಳು ಹೊಸ ಸೊಸೆ. ಅತ್ತೆಯ ಬೆರಳು ಹೇಳಿದ್ದನ್ನು ಸೊಸೆಯ ಎದೆ ಅಲ್ಲಗಳೆಯುವುದು ಯಾವ ನಾಡಿನಲ್ಲಿ ನಡೆದಿದೆ?

ಅತ್ತೆ ಸೊಸೆ ಇಬ್ಬರೇ ದೋಣಿಯಲ್ಲಿ ಹೋದರು. ಆಳೆತ್ತರದ ಜೊಂಡಿನ ನಡುವೆ ಬೇರುಗಳು ಹೆಣೆದುಕೊಂಡು ಎದ್ದ ಹಸಿ ದಿಬ್ಬವೊಂದರಲ್ಲಿ ಕೂಸನ್ನು ಇಟ್ಟರು. ತಲೆಯ ಮೇಲಿನ ದಂಟುಗಳಲ್ಲಿ ಬಾಂದ್ರುಗಳು ಕೂತಿದ್ದವು. ಓಡಲಿಲ್ಲ. ತಿರುಳು ಜಗಿಯುತ್ತ ನೋಡುತ್ತಿದ್ದವು. "ಬಾ, ತಿರುಗಿ ನೋಡ್ಬೇಡ" ಎಂದಳು ರಾಫುತ್ಸಿ. ರಕೆತಾಕ ನೋಡಲಿಲ್ಲ.

ಆಮೇಲೆ ಎರಡು ಹೆಣ್ಣು ಹುಟ್ಟಿದವು, ಬೆಳೆದವು, ಬೇರೆ ಊರುಗಳಿಗೆ ಹೋದವು. ಮಹೆರಿ ಒಂದು ಗಾಳಿಯ ದಿನ ಸರೋವರದಲ್ಲಿ ಮುಳುಗಿ ಸತ್ತ. ಅವನನ್ನು ಹೆಂಡತಿ ಹೆಣೆದ ಚಾಪೆಯಲ್ಲಿ ಸುತ್ತಿ ಗೋರಿಗೆ ಒಯ್ದರು. ಅವಳು ಮಾತ್ರ ಹತ್ತಿರದಲ್ಲೇ ಜೊಂಡಿದ್ದರೂ ಕೂಸನ್ನಿಟ್ಟ ಅಷ್ಟು ದೂರದ ಜೊಂಡಿಗೇ ಹೋಗುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ "ಅಲ್ಲೀದು ಉದ್ದ ಬರುತ್ತೆ" ಎನ್ನುತ್ತಿದ್ದಳು. ಹತ್ತಿರದ ಜೊಂಡು ಒಂದೊಂದೇ ಗದ್ದೆಯಾಯಿತು. ಕೊನೆಗೆ ಉದ್ದವೋ ಗಿಡ್ಡವೋ, ಅದೊಂದೇ ಉಳಿಯಿತು.

ಆಗ ಅದರ ಮೇಲೆ ಮೈದುನ ಬೊತೊನ ಕಣ್ಣು ಬಿತ್ತು.

ಬೊತೊನನ್ನು ರಾಕ್ಷಸ ಮಾಡಿ ಬರೆದರೆ ನನಗೆ ಕೆಲಸ ಹಗುರ. ಆದರೆ ಅವನು ರಾಕ್ಷಸನಲ್ಲ. ಬೆಳೆದ ಗಂಡುಮಕ್ಕಳಿದ್ದಾರೆ. ಇದ್ದ ಗದ್ದೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡು ಹಂಚಿಕೊಂಡು ಬದುವೇ ಹೆಚ್ಚು, ಗದ್ದೆ ಕಡಿಮೆ ಎಂಬಂತಾಗಿದೆ. ಮೀನಿಲ್ಲ. ಸುಟ್ಟ ಜೌಗಿನ ಅಕ್ಕಿ ಲಾರಿ ಹತ್ತಿ ಪಟ್ಟಣದ ಗೋದಾಮಿಗೆ ಹೋಗುತ್ತದೆ; ಅದನ್ನು ಉಂಡವರೇ ಬಾಂದ್ರು ಉಳಿಸಿ ಎಂದು ಗೋಡೆಗೆ ಚಿತ್ರ ಅಂಟಿಸುತ್ತಾರೆ. ಸುಟ್ಟವನು ಕಳ್ಳ, ಉಂಡವನು ಸಜ್ಜನ. ಈ ನ್ಯಾಯ ನನಗೆ ಎಷ್ಟು ವರ್ಷವಾದರೂ ಅರಗಿಲ್ಲ.

ಬೊತೊ ಕದ್ದು ಸುಡಲಿಲ್ಲ, ಅದನ್ನೂ ಹೇಳಬೇಕು. ಊರ ಸಭೆಯಲ್ಲಿ ಅಪ್ಪಣೆ ಕೇಳಿದ. ಹಿರಿಯ ರಾಂಜಾ ಅಜ್ಜ ಹುಣಸೆ ಮರದ ಕೆಳಗೆ ಕೂತಿದ್ದ. ಬಾಂದ್ರು ಎಣಿಸಲು ರಾಜಧಾನಿಯಿಂದ ಬಂದಿದ್ದ ಹಾಸಿನಾ ಎಂಬ ಹುಡುಗಿಯನ್ನೂ ಕರೆಸಿದ್ದರು. ಮುದುಕಿ ರಾಫುತ್ಸಿಯನ್ನು ಚಾಪೆಯ ಸಮೇತ ಎತ್ತಿ ತಂದು ನೆರಳಿನಲ್ಲಿ ಇಟ್ಟಿದ್ದರು.

ಸಭೆಯಲ್ಲಿ ಮಾತಾಡುವವನು ಮೊದಲು ಕ್ಷಮೆ ಕೇಳಬೇಕು. ಬೊತೊ ಶುರು ಮಾಡಿದ. "ಹಿರಿಯರ ಮುಂದೆ ಬಾಯಿ ಬಿಡ್ತಿದೀನಿ, ತಪ್ಪಾಯ್ತು. ನನಗಿಂತ ಮೊದ್ಲು ಮಾತಾಡಬೇಕಾದೋರು ಇದಾರೆ, ತಪ್ಪಾಯ್ತು. ನಿಂತ್ಕೊಂಡು ಮಾತಾಡ್ತಿದೀನಿ, ಕೂತೋರಿಗೆ ನೆರಳು ಬೀಳ್ತಿದೆ, ಅದೂ ತಪ್ಪಾಯ್ತು..."

"ತಪ್ಪೆಲ್ಲ ಒಪ್ಪಿದ್ವಿ, ವಿಷಯಕ್ಕೆ ಬಾರೋ" ಎಂದು ಹಿಂದಿನಿಂದ ಯಾರೋ ಕೂಗಿದರು. "ಹೊತ್ತು ಮುಳುಗುತ್ತೆ!"

ಅವನು ವಿಷಯಕ್ಕೆ ಬಂದ. ಆ ಜೊಂಡು ಬೇಕು, ಮಕ್ಕಳಿಗೆ ಗದ್ದೆ ಮಾಡಿಕೊಡಬೇಕು.

ಹಾಸಿನಾ ಎದ್ದು ಹೇಳಿದಳು: "ಅದನ್ನ ಸುಟ್ರೆ ಅಲ್ಲಿರೋ ಬಾಂದ್ರು ಎಲ್ಲಿಗೂ ಹೋಗೋಕಾಗಲ್ಲ ಅಜ್ಜ. ಸುತ್ತ ಗದ್ದೆ ಬಂದುಬಿಟ್ಟಿದೆ. ಮುಂದಿನ ಜೊಂಡು ತುಂಬ ದೂರ."

"ತಂಗೀ, ಒಂದು ಮಾತು ಕೇಳ್ತೀನಿ" ಎಂದ ಬೊತೊ. "ಆ ಕಡೆ ಬೆಟ್ಟದ ಕಾಡಲ್ಲೂ ಇಂಥವೇ ಇದಾವಂತಲ್ಲ, ಬಿದಿರು ತಿನ್ನೋವು? ಅವೂ ಇವೂ ಒಂದೇ ಜಾತಿನಾ, ಬೇರೆನಾ?"

ಹುಡುಗಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕೆಲವರು ಬಾಂದ್ರು ಬೇರೇನೇ ಜಾತಿ ಅಂತಾರೆ. ಇನ್ನು ಕೆಲವರು ಇಲ್ಲ, ಬಿದಿರು ಲೀಮರ್‌ದೇ ಒಂದು ಕವಲು, ರಕ್ತ ನೋಡಿದ್ರೆ ವ್ಯತ್ಯಾಸ ಸಿಗಲ್ಲ ಅಂತಾರೆ. ಪೂರ್ತಿ ಇತ್ಯರ್ಥ ಆಗಿಲ್ಲ."

"ನೋಡಿ ಮತ್ತೆ! ಓದಿದೋರಿಗೇ ಇತ್ಯರ್ಥ ಆಗಿಲ್ಲ. ಕವಲು ಅಂತಾದ್ರೆ ಬುಡ ಕಾಡಲ್ಲಿದೆ, ಅಲ್ಲಿ ಬೇಕಾದಷ್ಟಿವೆ. ಇಲ್ಲಿ ನಾಲ್ಕು ಹೋದ್ರೆ ಏನು ಗಂಟು ಹೋಯ್ತು?"

"ಹೆಸರು ಏನಾದ್ರೂ ಇಟ್ಕೊಳ್ಳಿ ಅಣ್ಣ. ಕಾಡಿನದನ್ನ ತಂದು ಈ ನೀರಲ್ಲಿ ಬಿಟ್ರೆ ಬದುಕಲ್ಲ. ಜೊಂಡಲ್ಲಿ ಬಾಳೋದು ಇವಕ್ಕೆ ಮಾತ್ರ ಗೊತ್ತು. ಇದು ಬಿಟ್ರೆ ಬೇರೆಲ್ಲೂ ಬಾಳಲ್ಲ."

"ನನ್ನ ಹೆಂಡ್ತಿ ತಮ್ಮನೂ ಹಂಗೇನೇ" ಎಂದಿತು ಹಿಂದಿನ ದನಿ, "ನಮ್ಮನೆ ಬಿಟ್ರೆ ಬೇರೆಲ್ಲೂ ಬಾಳಲ್ಲ!"

ಎಲ್ಲರೂ ನಕ್ಕರು. ಹುಡುಗಿ ಕೂತುಬಿಟ್ಟಳು. ನಗು ಬಂದ ಮೇಲೆ ಸಭೆಯಲ್ಲಿ ವಾದ ಗೆಲ್ಲುವುದಿಲ್ಲ. ಪಂಡಿತರ ಪುಸ್ತಕದಲ್ಲಿ ಜಾತಿಯೋ ಉಪಜಾತಿಯೋ ಎಂಬುದು ಒಂದು ಸಾಲಿನ ತಕರಾರು. ಇಲ್ಲಿ ಆ ಒಂದು ಸಾಲಿನ ಮೇಲೆ ಬೆಂಕಿಕಡ್ಡಿ ಗೀರಲು ಹೊರಟಿದ್ದರು. ಯಾವ ಖಾನೆಗೆ ಸೇರಿತು ಎಂಬುದರ ಮೇಲೆ ಒಂದು ಜೀವ ಬದುಕಲು ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುವ ಚಟ ಮನುಷ್ಯನಿಗೆ ಯಾವಾಗ ಅಂಟಿತೋ ಕಾಣೆ.

ರಕೆತಾಕ ಎದ್ದು ನಿಂತದ್ದು ಆಗ. ಅವಳು ಕ್ಷಮೆ ಕೇಳಲಿಲ್ಲ. ಅಷ್ಟಕ್ಕೇ ನಗು ನಿಂತಿತು.

"ಅಲ್ಲಿ ನನ್ನ ಮಗ ಇದಾನೆ" ಎಂದಳು.

ಬೊತೊನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಮೆತ್ತಗೆ ಹೇಳಿದ: "ಅತ್ತಿಗೆ, ಅದು ನೀರುಕೂಸು. ಈ ಊರಲ್ಲಿ ನೀರುಕೂಸು ಇಟ್ಟು ಬರದಿರೋ ಹೆಂಗಸು ಯಾರಿದಾರೆ ಹೇಳು. ಅದನ್ನೆಲ್ಲ ಗೋರಿ ಅಂತ ಹಿಡಿದ್ರೆ ನಮಗೆ ಕಾಲಿಡೋಕೆ ಜಾಗ ಇರಲ್ಲ."

ಹೆಂಗಸರ ಸಾಲಿನಲ್ಲಿ ತಲೆಗಳು ಬಗ್ಗಿದವು. ಒಬ್ಬಳು ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡಳು.

"ಅವನಿಗೆ ಹಲ್ಲಿತ್ತು" ಎಂದಳು ರಕೆತಾಕ.

ರಾಂಜಾ ಅಜ್ಜ ಊರುಗೋಲನ್ನು ನೆಲಕ್ಕೆ ಊರಿದ. "ತಾಯೀ, ನೋಡ್ಕೊಂಡು ಮಾತಾಡು. ನೀನು ಹೇಳಿದ್ದು ನಿಜ ಆದ್ರೆ ನಿನ್ನ ಗಂಡನ ಮನೆಯೋರು ತಮ್ಮ ಕುಡೀನೇ ಕೆಸರಿಗೆ ಎಸೆದ ಹಾಗಾಯ್ತು. ಸುಳ್ಳಾದ್ರೆ ಅತ್ತೆ ಮೇಲೆ ಅಪವಾದ ಹೊರಿಸಿದೋಳಿಗೆ ಆ ಗೋರೀಲಿ ಜಾಗ ಇಲ್ಲ. ಗಂಡನ ಪಕ್ಕ ಮಲಗೋದು ನೀನು ಮರೀಬೇಕು. ಗೊತ್ತಿದೆಯಾ?"

"ಗೊತ್ತಿದೆ. ಕೆಳಗಡೆ ಒಂದು. ಹಾಲು ಕುಡಿಯೋವಾಗ ಕಚ್ಚಿ ರಕ್ತ ಬಂದಿತ್ತು. ಗುರುತು ತೋರಿಸ್ಲಾ?"

"ಬೇಡ ಬೇಡ" ಎಂದ ಅಜ್ಜ, ಮುಖ ತಿರುಗಿಸಿ. ಆಮೇಲೆ ರಾಫುತ್ಸಿಯ ಕಡೆ ಬಾಗಿ ಗಟ್ಟಿಯಾಗಿ ಕೂಗಿದ: "ಅಕ್ಕಾ! ಆ ಕೂಸಿನ ಬಾಯಿ ನೋಡಿದ್ದು ನೀನು. ಹಲ್ಲಿತ್ತಾ?"

"ಕಿರಚಬೇಡ ರಾಂಜಾ, ಕೇಳಿಸುತ್ತೆ. ನಿಮ್ಮಪ್ಪಂಗೂ ಹಿಂಗೇ ಕಿರಚೋ ಚಾಳಿ." ಮುದುಕಿ ತುಟಿ ಒದ್ದೆ ಮಾಡಿಕೊಂಡಳು. ಸೊಸೆಯ ಕಡೆ ನೋಡಲಿಲ್ಲ. "ಬೆರಳಿಗೆ ಸಿಕ್ಕಿತ್ತು" ಎಂದಳು. "ಅಕ್ಕಿನುಚ್ಚಿನಷ್ಟು."

"ಮತ್ತೆ ಇಲ್ಲ ಅಂದ್ಯಲ್ಲ!"

"ನಾಟಿ ಆಗಿತ್ತು. ಮನೇಲಿ ಇದ್ದದ್ದು ಒಂದೇ ಜೋಡಿ ಎತ್ತು. ಒಂದನ್ನ ಕಡಿದಿದ್ರೆ ಇನ್ನೊಂದು ಒಂಟಿಯಾಗಿ ಏನು ಉಳುತ್ತೆ? ನೀವೆಲ್ಲ ನನ್ನ ಮನೆಗೆ ಬಂದು ಉಳ್ತಿದ್ರಾ? ಇವಳು ಹರೇದೋಳು, ಮತ್ತೆ ಹಡೀತಾಳೆ ಅಂದ್ಕೊಂಡೆ." ಮುದುಕಿಗೆ ಉಬ್ಬಸ ಬಂತು, ಸುಧಾರಿಸಿಕೊಂಡಳು. "ಇವತ್ತೋ ನಾಳೆಯೋ ಗೋರಿ ಒಳಗೆ ಹೋಗೋಳು ನಾನು. ಮಹೆರಿ ಅಲ್ಲೇ ಮಲಗಿದಾನೆ. ನನ್ನ ಮಗ ಎಲ್ಲಮ್ಮಾ ಅಂತ ಕೇಳಿದ್ರೆ ಏನು ಹೇಳ್ಲಿ? ಎತ್ತು ಉಳಿಸಿದೆ ಅಂತ ಹೇಳ್ಲಾ?"

ರಾಂಜಾ ಅಜ್ಜ ಇತರ ಹಿರಿಯರೊಡನೆ ಬಹಳ ಹೊತ್ತು ಗುಸುಗುಸು ಮಾತಾಡಿ ತೀರ್ಪು ಹೇಳಿದ. ಕೂಸು ಮನುಷ್ಯನೇ. ಅದನ್ನು ಹಿರೀಕರ ಗೋರಿಗೆ ತರಬೇಕು. ಇಷ್ಟು ಕಾಲವಾದ ಮೇಲೆ ಮೂಳೆ ಸಿಗಲಾರದು. ಮಲಗಿದ್ದ ಜಾಗದ ಒಂದು ಹಿಡಿ ಮಣ್ಣು ತಂದರೂ ಸಾಕು, ಆದರೆ ಅದೇ ಜಾಗದ್ದಾಗಿರಬೇಕು. ಬೇರೆ ಮಣ್ಣು ತಂದು ಒಳಗಿಟ್ಟರೆ ಯಾರೋ ಗುರುತಿಲ್ಲದವನನ್ನು ಹಿರೀಕರ ಪಕ್ಕ ಮಲಗಿಸಿದಂತೆ, ಮನೆತನ ಉಳಿಯುವುದಿಲ್ಲ. ಹಾಗೆ ತರುವವರೆಗೆ ಆ ಜೊಂಡಿಗೆ ಬೆಂಕಿ ಮುಟ್ಟಿಸಕೂಡದು. ತಂದ ಮೇಲೆ ಅದು ಬರಿಯ ಜೊಂಡು.

"ಹಾಗಾದ್ರೆ ನಾಳೇನೇ ತರೋಣ" ಎಂದ ಬೊತೊ. "ಅತ್ತಿಗೆ ಜಾಗ ತೋರಿಸ್ಲಿ."

"ಗೋರಿ ಬಾಗಿಲು ನಿನ್ನ ಅಡಿಗೆಮನೆ ಬಾಗಿಲೇನೋ, ಬೇಕಾದಾಗ ತೆಗೆಯೋಕೆ? ಒಳಗೆ ಹೋಗೋರು ಯಾರಾದ್ರೂ ಇದ್ದಾಗ ತೆಗೀತೀವಿ."

ಎಲ್ಲರ ಕಣ್ಣೂ ರಾಫುತ್ಸಿಯ ಕಡೆ ಹೊರಳಿತು.

"ಯಾಕೆ, ಎಲ್ರೂ ನನ್ನ ನೋಡ್ತೀರಿ?" ಎಂದಳು ಮುದುಕಿ. "ಇವತ್ತಂತೂ ಆಗಲ್ಲ. ಹಸಿವಾಗ್ತಿದೆ."

ಆ ವರ್ಷ ಆ ಜೊಂಡನ್ನು ಯಾರೂ ಸುಡಲಿಲ್ಲ. ರಕೆತಾಕ ಅತ್ತೆಗೆ ಗಂಜಿ ಕುಡಿಸಿದಳು, ಮೈ ಒರೆಸಿದಳು, ಹೊರಗೆ ಎತ್ತಿ ಕೂರಿಸಿದಳು. ಇಬ್ಬರೂ ಕೂಸಿನ ಮಾತು ಎತ್ತಲಿಲ್ಲ ಎಂದು ನೆರೆಯವರು ಹೇಳುತ್ತಾರೆ. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಆಡಿ ಮುಗಿಸಿದರೆ ಹಗುರವಾಗಬೇಕಿತ್ತು. ಅವಳನ್ನು ನೋಡಿದವರಿಗೆ ಹಾಗೆ ಕಾಣಲಿಲ್ಲ. ಇನ್ನೂ ಒಂದು ಹೊರೆ ಹೊತ್ತವಳ ಹಾಗೆ ಕುಸಿದು ಕೂರುತ್ತಿದ್ದಳು.

ಮುಂದಿನ ಬೇಸಗೆಯಲ್ಲಿ ಮುದುಕಿ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಒಂದೇ ಮಾತು: "ಇಲಿಮರೀನ ನನ್ನ ಬಲಗಡೆ ಇಡು. ಎಡಗಡೆ ಮಹೆರಿ ಇದಾನೆ." ರಕೆತಾಕ "ಹೂಂ" ಎಂದಳು.

ನಾನು ಅವಳನ್ನು ಕೇಳಿದೆ: "ಜಾಗ ಇನ್ನೂ ನೆನಪಿದೆಯಾ ಅಕ್ಕ? ಇಷ್ಟು ವರ್ಷ ಆಯ್ತು, ನೀರು ಬಂತು, ಹೋಯ್ತು."

"ವಾರಕ್ಕೊಂದು ಸಲ ಹೋಗೋಳಿಗೆ ಮರೆಯುತ್ತಾ?" ಎಂದಳು. "ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ."

ಮುದುಕಿ ಸತ್ತಳು. ಗೋರಿಯ ಚಪ್ಪಡಿ ಸರಿಸಿದರು. ಅದು ತೆರೆದಿರುವುದು ಹಗಲಿನಲ್ಲಿ ಮಾತ್ರ, ಹೊತ್ತು ಮುಳುಗುವ ಮೊದಲು ಮುಚ್ಚಬೇಕು. ಹೆಣವನ್ನು ಅಂಗಳದಲ್ಲಿಟ್ಟು, ಅತ್ತ ಎತ್ತು ಕಡಿಯುವ ಸಿದ್ಧತೆ ನಡೆಯುತ್ತಿದ್ದಂತೆ, ಇತ್ತ ಎರಡು ದೋಣಿ ಜೌಗಿಗೆ ಹೊರಟವು. ಮುಂದಿನದರಲ್ಲಿ ರಕೆತಾಕ ಮತ್ತು ಬೊತೊ. ಹಿಂದಿನದರಲ್ಲಿ ರಾಂಜಾ ಅಜ್ಜನ ಮಗ, ಮಣ್ಣು ಸುತ್ತಿ ತರಲು ಬಿಳಿ ಬಟ್ಟೆ ಹಿಡಿದುಕೊಂಡು. ಹುಟ್ಟು ಹಾಕಲು ನಾನು. ಬೊತೊ ತಾಯಿಗಾಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ. ಅದು ನಿಜವಾದ ಅಳು.

ಜೊಂಡಿನ ಅಂಚಿನ ಕೆಸರಿನಲ್ಲಿ ಹೊಸ ಗೂಟಗಳು ನಿಂತಿದ್ದವು. ಬೊತೊನ ಮಕ್ಕಳು ಮೊದಲೇ ಪಾಲು ಮಾಡಿಕೊಂಡಿದ್ದರು. ರಕೆತಾಕ ಅವನ್ನು ನೋಡಿದಳು, ಬೊತೊ ಅವಳು ನೋಡಿದ್ದನ್ನು ನೋಡಿದ. "ಹುಡುಗ್ರು ಆತುರಗೇಡಿಗಳು" ಎಂದ, ನಾಚಿ.

ಒಳಗೆ ಹೋದೆವು. ಒಣಗಿದ ದಂಟುಗಳ ನಡುವೆ ದೋಣಿ ಕಿರಗುಟ್ಟುತ್ತಿತ್ತು. ಒಂದು ಕಡೆ ಜೊಂಡು ಅಲುಗಿತು. ಬಾಂದ್ರು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ನಮ್ಮೆದುರೇ ಹಾರಿ, ಆಚೆ ದಂಟಿನ ಬುಡದಲ್ಲಿ ಅದನ್ನು ಕೂರಿಸಿ, ತಾನು ಮೇಲೇರಿ ನಮ್ಮನ್ನೇ ನೋಡುತ್ತ ಕೂತಿತು. ಇನ್ನೂ ಕೆಲವು ಅಲ್ಲಲ್ಲಿ ಕಂಡವು. ಒಂದು ಹಸಿ ದಿಬ್ಬದ ಬಳಿ ರಕೆತಾಕಳ ಕೈಯಲ್ಲಿದ್ದ ಹುಟ್ಟು ನಿಂತಿತು. ದೋಣಿಯೂ ತಾನಾಗಿ ನಿಂತಿತು.

"ಇಲ್ಲೇನಾ ಅತ್ತಿಗೆ?"

ಅವಳು ದಿಬ್ಬವನ್ನೇ ನೋಡಿದಳು. ಇಲ್ಲೇ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಮೂವತ್ತು ವರ್ಷ ಕೆಸರಿನಲ್ಲಿ ಮಲಗಿದ್ದ ಮಗ ಸಂಜೆಯೊಳಗೆ ಅಪ್ಪನ ಹತ್ತಿರ, ಅಜ್ಜಿಯ ಬಲಗಡೆ ಇರುತ್ತಿದ್ದ. ಅವಳು ಸಭೆಯಲ್ಲಿ ಎದೆಯ ಗುರುತು ತೋರಿಸಲು ಎದ್ದದ್ದು ಇದಕ್ಕೇ ಅಲ್ಲವೇ ಎಂದು ನಾನು ಅಂದುಕೊಂಡಿದ್ದೆ.

"ಇಲ್ಲ" ಎಂದಳು. "ಮುಂದೆ."

ಮುಂದೆ ಹೋದೆವು. ಇನ್ನೊಂದು ದಿಬ್ಬ. "ಇದೂ ಅಲ್ಲ." ಬಲಕ್ಕೆ, ಮತ್ತೆ ಎಡಕ್ಕೆ. ಬಿಸಿಲು ಏರಿತು, ಇಳಿಯಿತು. ಅಜ್ಜನ ಮಗ ಬಿಳಿ ಬಟ್ಟೆಯನ್ನು ತಲೆಯ ಮೇಲೆ ಹೊದ್ದುಕೊಂಡ.

"ಅತ್ತಿಗೆ, ನಿಧಾನಕ್ಕೆ ನೆನಪು ಮಾಡ್ಕೊ. ಅಮ್ಮ ಅಂಗಳದಲ್ಲಿ ಕಾಯ್ತಿದಾಳೆ."

"ನೀರು ಜಾಗ ಬದಲಾಯಿಸಿದೆ ಬೊತೊ. ಗೊತ್ತಾಗ್ತಿಲ್ಲ."

"ಯಾವುದೋ ಒಂದು ಕಡೇದು..." ಎಂದು ಅಜ್ಜನ ಮಗ ಬಾಯಿ ತೆರೆದ. ಬೊತೊ ಅವನ ಕಡೆ ತಿರುಗಿ, "ಗುರುತಿಲ್ಲದೋನನ್ನ ನಮ್ಮಮ್ಮನ ಪಕ್ಕ ಮಲಗಿಸ್ತೀಯೇನೋ?" ಎಂದು ಗದರಿದ.

ಹಿಂದಿರುಗಿದೆವು. ರಾಫುತ್ಸಿಯನ್ನು ಸೊಸೆ ಹೆಣೆದ ಚಾಪೆಯಲ್ಲಿ ಸುತ್ತಿ, ಮಗನ ಪಕ್ಕ ಮಲಗಿಸಿದರು. ಬಲಗಡೆ ಒಂದು ಗೇಣು ಜಾಗ ಬಿಡಿ ಎಂದು ರಾಂಜಾ ಅಜ್ಜ ಹೇಳಿದ, ಬಿಟ್ಟರು. ಚಪ್ಪಡಿ ಮುಚ್ಚಿದರು. ಕಡಿದ ಎತ್ತಿನ ಮಾಂಸ, ಅನ್ನ, ಊರಿಗೆಲ್ಲ ಊಟ. ರಕೆತಾಕ ಎಲೆ ಮುಂದೆ ಕೂತಳು, ತಿನ್ನಲಿಲ್ಲ.

ಅವಳನ್ನು ಮನೆಯವರೆಗೆ ಬಿಡಲು ಹೋದಾಗ, ಜಾಗ ಗೊತ್ತಿದ್ದೂ ಯಾಕೆ ತೋರಿಸಲಿಲ್ಲ ಎಂದು ನಾನು ಕೇಳಿಯೇಬಿಟ್ಟೆ. ಕೇಳಬಾರದಿತ್ತೇನೋ. ಅವಳು ಬಾಗಿಲಲ್ಲಿ ಕೂತು ಮಂಡಿ ನೀವಿಕೊಂಡಳು.

"ಅವನನ್ನ ಎತ್ತಿದ ದಿನಾನೇ ಬೆಂಕಿ. ಗೂಟ ನೋಡ್ಲಿಲ್ವಾ ನೀನು?" ಎಂದಳು. "ಜೊಂಡು ಹೋದ್ರೆ ನಾನೇನು ಗಾಳಿ ಹೆಣೀಲಾ?" ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. "ಅವತ್ತು ಅವನನ್ನ ಇಟ್ಟು ಬರೋವಾಗ ನಾನು ತಿರುಗಿ ನೋಡ್ಲಿಲ್ಲ. ಹೆತ್ತೋಳು. ಬಾಂದ್ರುಗಳು ನೋಡ್ತಾ ಕೂತಿದ್ವು. ಆಮೇಲೂ ಅಲ್ಲೇ ಇದ್ವು. ನನ್ನ ಮಗನಿಗೆ ಕಾದು ಅಭ್ಯಾಸ ಆಗಿದೆ. ಅವು ಎಲ್ಲಿಗೆ ಹೋಗ್ತವೆ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಕಾನೂನಿದೆ, ಇಲಾಖೆಯಿದೆ, ವಿಜ್ಞಾನವಿದೆ, ಟೋಪಿ ಹಂಚಿದ ಹೊರಗಿನ ದೊಡ್ಡವರಿದ್ದಾರೆ. ಇವರೆಲ್ಲ ಸೇರಿ ಮಾಡಬೇಕಾದ ಕೆಲಸವನ್ನು ಬಾತ ಮಂಡಿಯ ಒಬ್ಬ ಹೆಂಗಸು ಸತ್ತ ಮಗನ ಹೆಗಲ ಮೇಲೆ ಹೊರಿಸಿ ಮಾಡಬೇಕು. ಅವಳು ಅದನ್ನು ತ್ಯಾಗ ಎನ್ನಲಿಲ್ಲ. ನೀವೂ ಅನ್ನಬೇಡಿ. ಹಾಗೆ ಹೆಸರಿಟ್ಟರೆ ನಮ್ಮ ಕೆಲಸ ಸುಲಭವಾಗಿ ಮುಗಿದುಹೋಗುತ್ತದೆ.

ಅಷ್ಟರಲ್ಲಿ ಬೊತೊ ಬಂದ. ಅವಳ ಪಾಲಿನ ಮಾಂಸವನ್ನು ಎಲೆಯಲ್ಲಿ ಕಟ್ಟಿ ತಂದಿದ್ದ. ಕೊಟ್ಟು, ಹೋಗದೆ ನಿಂತ.

"ಮುಂದಿನ ಸಲ ಬಾಗಿಲು ತೆಗೆಯೋದು ನಿನಗೋ ನನಗೋ ಅತ್ತಿಗೆ" ಎಂದ.

"ನನಗೇ ಇರ್ಬೇಕು. ನಿನಗಿಂತ ದೊಡ್ಡೋಳು."

"ಆಗ ಜಾಗ ತೋರಿಸೋರು ಯಾರು?"

ಅವಳು ಎಲೆಯ ಗಂಟನ್ನು ಬಿಚ್ಚಿ, ಇಷ್ಟಿಷ್ಟೇ ಹರಿದು ಬಾಯಿಗಿಟ್ಟುಕೊಂಡಳು. ಬೊತೊ ಅವಳನ್ನೇ ನೋಡುತ್ತಿದ್ದ. ಅವನು ದಡ್ಡನಲ್ಲ. ತೋರಿಸುವವರಿಲ್ಲದೆ ಮಣ್ಣಿಲ್ಲ, ಮಣ್ಣು ತರದೆ ಬೆಂಕಿಯಿಲ್ಲ. ಲೆಕ್ಕ ಅವನ ಮುಖದ ಮೇಲೆ ನಿಧಾನವಾಗಿ ಇಳಿಯಿತು. ಕೂಗಾಡುತ್ತಾನೆ ಎಂದುಕೊಂಡೆ. ಕೂಗಾಡಲಿಲ್ಲ. ಅವನೂ ದಣಿದಿದ್ದ.

"ಮಹೆರಿ ಕೇಳ್ತಾನೆ ನಿನ್ನ" ಎಂದ.

"ಕೇಳ್ಲಿ. ಹೇಳ್ತೀನಿ."

"ನನ್ನ ಹುಡುಗ್ರಿಗೆ ನಾನೇನು ಹೇಳ್ಲಿ?"

"ಅತ್ತಿಗೆಗೆ ಅರಳುಮರಳು ಅನ್ನು. ನಂಬ್ತಾರೆ."

ಬೊತೊ ಹೋದ. ಮರುದಿನ ಬೆಳಗ್ಗೆ ಅವಳ ದೋಣಿ ದಂಡೆಯಲ್ಲಿರಲಿಲ್ಲ. ಮನೆಯಲ್ಲಿದ್ದ ಜೊಂಡೆಲ್ಲ ಅತ್ತೆಯ ಚಾಪೆಗೆ ಮುಗಿದಿತ್ತು.